ಕಾಟಾ ಚೀಟಿ ಮತ್ತು ಸಿಗದ ಲಾಕ್: ಕಲಬುರಗಿಯ ಬೇಳೆ ಮಿಲ್ಲೊಂದರ ಫೈಲ್ ಸರ್ವರ್ ಪ್ರಕರಣ

ಹಿನ್ನೆಲೆ

ಕಲಬುರಗಿ ಹೊರವಲಯದ ಒಂದು ತೊಗರಿ ಬೇಳೆ ಮಿಲ್. ಗುರುತು ಸಿಗದಿರಲೆಂದು ಐಪಿ ವಿಳಾಸ, ಬಳಕೆದಾರರ ಸಂಖ್ಯೆ, ಫೋಲ್ಡರ್ ಹೆಸರುಗಳನ್ನು ಬದಲಿಸಿದೆ. ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಇಲ್ಲಿ ತೊಗರಿ ಆವಕದ ಭರಾಟೆ. ಲಾರಿ, ಟ್ರ್ಯಾಕ್ಟರ್ ಟ್ರಾಲಿಗಳು ಗೇಟಿನ ಬಳಿಯ ಕಾಟಾ ಮೇಲೆ ಹತ್ತಿ ತುಂಬಿದ ತೂಕ ಕೊಡುತ್ತವೆ, ಚೀಲ ಇಳಿಸಿ ಖಾಲಿ ತೂಕ ಕೊಡುತ್ತವೆ, ವ್ಯತ್ಯಾಸ ನಿವ್ವಳ ತೂಕವಾಗಿ ಚೀಟಿಗೆ ಬರುತ್ತದೆ. ಚೀಟಿ ನಂಬರ್ ಇಲ್ಲದೆ ಪಾವತಿ ಇಲ್ಲ. ಹಾಗಾಗಿ ಕಾಟಾ ನಿಂತರೆ ಗೇಟಿನಿಂದ ರಸ್ತೆಯವರೆಗೆ ಗಾಡಿ ನಿಲ್ಲುತ್ತವೆ, ಹಮಾಲರು ಕೈಕಟ್ಟಿ ಕೂರುತ್ತಾರೆ.

ಚೀಟಿಗಳ ದಾಖಲೆ ಒಂದೇ ಕಡತದಲ್ಲಿ ಇತ್ತು. ಹಳೆಯ ಡಿಬಿಎಫ್ ಮಾದರಿ: ಮುಂದೆ ಒಂದು ಹೆಡರ್, ಅದರ ಹಿಂದೆ ಒಂದೇ ಉದ್ದದ ದಾಖಲೆಗಳ ಸಾಲು. ಹೊಸ ಚೀಟಿ ಸೇರಿಸುವಾಗ ಪ್ರೋಗ್ರಾಂ ಹೆಡರ್ ಭಾಗದ ಬೈಟ್‌ಗಳಿಗೆ ಲಾಕ್ ಹಾಕಿ (ಅಷ್ಟು ಹೊತ್ತು ಬೇರೆಯವರು ಅದನ್ನು ಬದಲಿಸದಂತೆ ಕಾಯ್ದಿರಿಸಿ), ಕೊನೆಯ ನಂಬರ್ ಓದಿ, ಒಂದು ಕೂಡಿಸಿ, ಬರೆದು, ಲಾಕ್ ಬಿಡುತ್ತದೆ. ಹಳೆಯ ಚೀಟಿ ತಿದ್ದುವಾಗ ಆ ಒಂದು ದಾಖಲೆಯ ಬೈಟ್‌ಗಳಿಗೆ ಮಾತ್ರ ಲಾಕ್. ಲೆಕ್ಕದ ಕೋಣೆಯಲ್ಲಿ ಯಾರೋ ಒಂದು ಚೀಟಿ ತಿದ್ದುತ್ತಿದ್ದರೂ ಕಾಟಾದಲ್ಲಿ ಹೊಸ ಚೀಟಿಗೆ ಅಡ್ಡಿಯಾಗಬಾರದು ಎಂಬುದೇ ಈ ವಿನ್ಯಾಸದ ಉದ್ದೇಶ. ಈ ವಿವರ ಮುಂದೆ ಬಹಳ ಮುಖ್ಯವಾಗುತ್ತದೆ.

ಕಡತ ಇದ್ದದ್ದು ಡೆಬಿಯನ್ 11 ಎಂಬ ಲಿನಕ್ಸ್ ಇರುವ ಸರ್ವರಿನಲ್ಲಿ. ಹಂಚಿಕೆ ಎನ್‌ಎಫ್‌ಎಸ್ ಮೂಲಕ, ಅಂದರೆ ಸರ್ವರಿನ ಫೋಲ್ಡರನ್ನು ಬೇರೆ ಯಂತ್ರಗಳು ಜಾಲದ ಮೂಲಕ ತಮ್ಮದೇ ಎಂಬಂತೆ ಬಳಸುವ ವ್ಯವಸ್ಥೆ. ಬಳಸುತ್ತಿದ್ದದ್ದು ಲೆಕ್ಕದ ಕೋಣೆಯ ಮೂರು ಲಿನಕ್ಸ್ ಪಿಸಿ, ಗೇಟಿನ ಒಂದು ಕಾಟಾ ಟರ್ಮಿನಲ್. ಟರ್ಮಿನಲ್ ಎಂದರೆ ತೂಕದ ಯಂತ್ರದ ಜೊತೆಗೇ ಬಂದ ಮುಚ್ಚಿದ ಪೆಟ್ಟಿಗೆ. ಒಳಗೆ ಹಳೆಯ ಯುನಿಕ್ಸ್ ಮಾದರಿಯ ವ್ಯವಸ್ಥೆ, ಎನ್‌ಎಫ್‌ಎಸ್ ಆವೃತ್ತಿ 3 ಬಿಟ್ಟು ಬೇರೇನೂ ಗೊತ್ತಿಲ್ಲ, ಅಪ್‌ಡೇಟ್ ಎಂಬುದು ಇಲ್ಲವೇ ಇಲ್ಲ. ಲಿನಕ್ಸ್ ಪಿಸಿಗಳೂ ಹಳೆಯ ಕಾಲದ ಸೆಟ್ಟಿಂಗ್ ಉಳಿದುಕೊಂಡು ಆವೃತ್ತಿ 3ರಲ್ಲೇ ಮೌಂಟ್ ಆಗಿದ್ದವು (ಹಂಚಿಕೆಗೆ ಜೋಡಣೆಯಾಗಿದ್ದವು).

ಹಂಗಾಮಿಗೆ ಮುಂಚೆ ಹಳೆಯ ಸ್ಟೋರೇಜ್ ಪೆಟ್ಟಿಗೆ ತೆಗೆದು ಈ ಸರ್ವರ್ ಹಾಕಿದ್ದರು. ಕಡತಗಳು 0664 ಅನುಮತಿಯೊಂದಿಗೆ (ಒಡೆಯ ಮತ್ತು ಗುಂಪು ಓದಿ ಬರೆಯಬಹುದು, ಇತರರು ಓದಬಹುದು) ನಕಲಾಗಿ ಬಂದವು, ಎಲ್ಲವೂ ಸರಿಯಾಗಿ ನಡೆಯಿತು. ಅದೇ ಫೋಲ್ಡರಿನಲ್ಲಿ ರೈತರ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಇರುವ ಕಡತವೂ ಇತ್ತು. ಗುಂಪಿಗೆ ಸೇರದ ಯಾರೂ ಅದನ್ನು ಓದಬಾರದು ಎಂದು ಒಂದು ರಜಾ ದಿನ ಸರ್ವರ್ ನೋಡಿಕೊಳ್ಳುವವರು ಇಡೀ ಫೋಲ್ಡರಿನಿಂದ ‘ಇತರರು’ ಎಂಬ ವರ್ಗದ ಅನುಮತಿ ಪೂರ್ತಿ ತೆಗೆದರು. ಫೋಲ್ಡರ್ 2770, ಕಡತಗಳು 0660. ಬಳಕೆದಾರ ಸಂಖ್ಯೆ ಕಾಟಾದವರದು 1004, ಲೆಕ್ಕದವರದು 1003, ಇಬ್ಬರೂ ಗುಂಪು 1010ರಲ್ಲಿ. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಮಾಡಬೇಕಾದ ಕೆಲಸವೇ ಅದು.

ತೊಂದರೆ

ಮರುದಿನ ಬೆಳಿಗ್ಗೆ ಕಾಟಾ ಟರ್ಮಿನಲ್ ಮೇಲೆ ‘ದಾಖಲೆ ಬಳಕೆಯಲ್ಲಿದೆ, ಮತ್ತೆ ಪ್ರಯತ್ನಿಸಿ’ ಎಂಬ ಸಂದೇಶ. ಒತ್ತುತ್ತ ಹೋದರೆ ಒಂದು ಹೊತ್ತಿಗೆ ಚೀಟಿ ಬರುತ್ತಿತ್ತು. ಆಮೇಲೆ ಗಂಟೆಗಟ್ಟಲೆ ಸರಾಗ, ಮತ್ತೆ ಅದೇ ಸಂದೇಶ. ಹಳೆಯ ಚೀಟಿ ತೆರೆದು ನೋಡಲು ಯಾವ ತೊಂದರೆಯೂ ಇಲ್ಲ. ಲೆಕ್ಕದ ಪಿಸಿಗಳಲ್ಲಂತೂ ಒಂದು ಸಲವೂ ಇಂಥದ್ದು ಕಾಣಲಿಲ್ಲ.

ಸಂದೇಶ ನಂಬಿದವರು ಮಾಡುವುದನ್ನೇ ಎಲ್ಲರೂ ಮಾಡಿದರು: ‘ಯಾರರ ಫೈಲ್ ತೆರೆದು ಇಟ್ಟಾರೇನ್ ನೋಡ್ರಿ’ ಎಂದು ಗೇಟಿನಿಂದ ಲೆಕ್ಕದ ಕೋಣೆಗೆ ಫೋನ್. ಅಲ್ಲಿ ಪ್ರೋಗ್ರಾಂ ಮುಚ್ಚಿಸಿದರು. ಮುಚ್ಚಿಸಿದ ಮೇಲೆ ಕಾಟಾ ಇನ್ನೂ ಕೆಟ್ಟಿತು. ಮಧ್ಯಾಹ್ನ ಊಟದ ಹೊತ್ತಿಗೆ, ಲೆಕ್ಕದ ಕೋಣೆ ಖಾಲಿ ಇರುವಾಗ, ಒಂದು ಚೀಟಿಯೂ ಬರಲಿಲ್ಲ. ಊಟಕ್ಕೆ ಹೋಗುವಾಗ ಆ ಪಿಸಿ ಲಾಕ್ ಹಿಡಿದುಕೊಂಡೇ ನಿದ್ದೆಗೆ ಜಾರುತ್ತದೆ ಎಂಬ ಸಿದ್ಧಾಂತ ಹುಟ್ಟಿತು. ಕೇಳಲು ಚೆನ್ನಾಗಿತ್ತು, ಅದಕ್ಕೇ ಅರ್ಧ ದಿನ ತಿಂದಿತು.

ಮೊದಲು ಮಾಡಿದ್ದು

ಸರ್ವರಿನಲ್ಲಿ ಪ್ರಾಕ್ ಫೋಲ್ಡರಿನ ಲಾಕ್ಸ್ ಕಡತ ನೋಡಿದರು. ಯಾವ ಕಡತದ ಯಾವ ಬೈಟ್‌ನಿಂದ ಯಾವ ಬೈಟ್‌ವರೆಗೆ ಯಾವ ಬಗೆಯ ಲಾಕ್ ಇದೆ ಎಂಬುದನ್ನು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಅಲ್ಲಿ ಸಾಲುಸಾಲಾಗಿ ತೋರಿಸುತ್ತದೆ. ಕಡತವನ್ನು ಹೆಸರಿನಿಂದ ಅಲ್ಲ, ಐನೋಡ್ ಸಂಖ್ಯೆಯಿಂದ (ವ್ಯವಸ್ಥೆ ಕಡತಕ್ಕೆ ಕೊಟ್ಟ ಆಂತರಿಕ ಸಂಖ್ಯೆ) ಗುರುತಿಸಬೇಕು. ಸ್ಟ್ಯಾಟ್ ಆಜ್ಞೆ ಕೊಟ್ಟರೆ ಆ ಸಂಖ್ಯೆ ಸಿಗುತ್ತದೆ. ಕಾಟಾ ‘ಬಳಕೆಯಲ್ಲಿದೆ’ ಎನ್ನುತ್ತಿರುವ ಅದೇ ಕ್ಷಣದಲ್ಲಿ ಚೀಟಿ ಕಡತದ ಐನೋಡ್‌ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಯಾರೂ ಹಿಡಿದಿಲ್ಲದ ಲಾಕ್‌ಗಾಗಿ ಕಾಟಾ ಕಾಯುತ್ತಿತ್ತು. ಇಲ್ಲೇ ನಿಂತು ಯೋಚಿಸಬೇಕಿತ್ತು. ಆದರೆ ಗೇಟಿನಲ್ಲಿ ಗಾಡಿ ನಿಂತಿರುವಾಗ ಯೋಚನೆಗಿಂತ ರೀಸ್ಟಾರ್ಟ್ ಬೇಗ ಹೊಳೆಯುತ್ತದೆ.

ಎನ್‌ಎಫ್‌ಎಸ್ ಸೇವೆಯನ್ನು ರೀಸ್ಟಾರ್ಟ್ ಮಾಡಿದರು. ಆಗ ಲೆಕ್ಕದ ಪಿಸಿಗಳೂ ಸ್ವಲ್ಪ ಹೊತ್ತು ಲಾಕ್ ಸಿಗದೆ ನಿಂತವು, ರೋಗ ಹರಡಿತು ಎಂಬ ಗಾಬರಿ. ಅದು ಬೇರೆ ವಿಷಯ. ಸರ್ವರ್ ಎದ್ದ ಕೂಡಲೇ ಗ್ರೇಸ್ ಅವಧಿ ಶುರುವಾಗುತ್ತದೆ: ಮುಂಚೆ ಲಾಕ್ ಹಿಡಿದಿದ್ದ ಕ್ಲೈಂಟ್‌ಗಳು ಅದನ್ನು ಮರಳಿ ಪಡೆಯಲಿ ಎಂದು ಒಂದೂವರೆ ನಿಮಿಷದವರೆಗೂ ಹೊಸ ಲಾಕ್ ಕೊಡದೆ ಇರಬಹುದು. ಈ ಅವಧಿಯಲ್ಲಿ ಮಾಡಿದ ಯಾವ ಪರೀಕ್ಷೆಯನ್ನೂ ನಂಬಬಾರದು. ಪದೇ ಪದೇ ರೀಸ್ಟಾರ್ಟ್ ಮಾಡುವವರು ಪ್ರತಿ ಸಲವೂ ಈ ಮಂಜಿನೊಳಗೇ ನಿಂತು ಪರೀಕ್ಷೆ ಮಾಡುತ್ತಿರುತ್ತಾರೆ.

ಆಮೇಲೆ ಫೈರ್‌ವಾಲ್ ಮೇಲೆ ಅನುಮಾನ. ಆವೃತ್ತಿ 3ರಲ್ಲಿ ಲಾಕ್ ಎಂಬುದು ಎನ್‌ಎಫ್‌ಎಸ್‌ನ ಭಾಗವಲ್ಲ. ಎನ್‌ಎಲ್‌ಎಂ ಎಂಬ ಬೇರೆಯೇ ಪ್ರೋಟೋಕಾಲ್. ದೂರದ ಯಂತ್ರದ ಸೇವೆ ಕರೆಯುವ ಆರ್‌ಪಿಸಿ ಎಂಬ ವ್ಯವಸ್ಥೆಯಲ್ಲಿ ಅದರ ಕಾರ್ಯಕ್ರಮ ಸಂಖ್ಯೆ 100021, ಜೊತೆಗೆ ಯಂತ್ರ ಬಿದ್ದು ಎದ್ದದ್ದನ್ನು ತಿಳಿಸುವ 100024. ಎನ್‌ಎಫ್‌ಎಸ್ ಪೋರ್ಟ್ 2049 ನಿಗದಿಯಾಗಿರುತ್ತದೆ. ಲಾಕ್ ಸೇವೆಯ ಪೋರ್ಟ್ ನಾವೇ ಕಟ್ಟಿಹಾಕದಿದ್ದರೆ ಪ್ರತಿ ಸಲ ಬದಲಾಗಬಹುದು, ಅದನ್ನು ಪೋರ್ಟ್ 111ರ ಮ್ಯಾಪರ್ ಕೇಳಿಯೇ ತಿಳಿಯಬೇಕು. ಹಾಗಾಗಿ ಅನುಮಾನ ನ್ಯಾಯವಾದದ್ದೇ. ಆದರೆ ಪೋರ್ಟ್ ಮುಚ್ಚಿದ್ದರೆ ರೋಗಲಕ್ಷಣ ಬೇರೆ: ಕ್ಲೈಂಟ್ ಉತ್ತರಕ್ಕಾಗಿ ಕಾಯುತ್ತ ನೇತಾಡುತ್ತದೆ. ಇಲ್ಲಿ ನಿರಾಕರಣೆ ಗುಂಡಿ ಒತ್ತಿದ ತಕ್ಷಣ ಬರುತ್ತಿತ್ತು. ತಕ್ಷಣ ‘ಇಲ್ಲ’ ಎನ್ನಬೇಕಾದರೆ ಯಾರೋ ಕೇಳಿಸಿಕೊಂಡಿರಬೇಕು. ಆರ್‌ಪಿಸಿಇನ್ಫೋ ಪಟ್ಟಿಯಲ್ಲಿ ಲಾಕ್ ಸೇವೆ ಸರಿಯಾಗಿ ಕಂಡಿತು, ಫೈರ್‌ವಾಲ್ ಕಥೆ ಅಲ್ಲಿಗೆ ಮುಗಿಯಿತು.

ತಪ್ಪು ತಿರುವು

ಸಂಜೆಯ ಆವಕ ಎದುರಿಗಿತ್ತು. ಲಾಕ್‌ಗಳನ್ನು ಸರ್ವರಿಗೆ ಕಳಿಸದೆ ತನ್ನಲ್ಲೇ ಇಟ್ಟುಕೊಳ್ಳುವ ಮೌಂಟ್ ಆಯ್ಕೆಯನ್ನು ಟರ್ಮಿನಲ್‌ನಲ್ಲಿ ಹಾಕಲಾಯಿತು; ಲಿನಕ್ಸ್‌ನಲ್ಲಿ ನೋಲಾಕ್ ಎನ್ನುವುದು ಇದನ್ನೇ. ಸಂದೇಶ ಮಾಯ, ಚೀಟಿ ಸರಾಗ, ಎಲ್ಲರಿಗೂ ಸಮಾಧಾನ.

ಇದು ಈ ಪ್ರಕರಣದಲ್ಲಿ ತೆಗೆದುಕೊಂಡ ಅತಿ ಕೆಟ್ಟ ನಿರ್ಧಾರ. ಕಾಟಾ ಈಗ ತನ್ನ ಲಾಕ್ ತಾನೇ ಕೊಟ್ಟುಕೊಳ್ಳುತ್ತದೆ, ಲೆಕ್ಕದ ಪಿಸಿ ಸರ್ವರಿನಿಂದ ಪಡೆಯುತ್ತದೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಲೆಕ್ಕದ ಕೋಣೆಯಲ್ಲಿ ಹಿಂದಿನ ದಿನದ ಕೈಬರಹದ ಚೀಟಿಯೊಂದನ್ನು ಕಂಪ್ಯೂಟರಿಗೆ ಸೇರಿಸುತ್ತಿದ್ದ ಹೊತ್ತಿಗೇ ಗೇಟಿನಲ್ಲೂ ಹೊಸ ಚೀಟಿ ಹುಟ್ಟಿತು. ಇಬ್ಬರೂ ಒಂದೇ ಕೊನೆಯ ನಂಬರ್ ಓದಿದರು, ಇಬ್ಬರೂ ಒಂದು ಕೂಡಿಸಿದರು, ಇಬ್ಬರೂ ಒಂದೇ ಜಾಗಕ್ಕೆ ಬರೆದರು. ಕಡತದಲ್ಲಿ ಉಳಿದದ್ದು ನಂತರ ಬರೆದವರ ದಾಖಲೆ. ಕಾಗದದ ಚೀಟಿ ಎರಡು, ನಂಬರ್ ಒಂದೇ. ಒಬ್ಬ ರೈತನ ತೂಕ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಅವನು ಕಾಗದ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಹಣ ಉಳಿಯಿತು.

ಲಾಕ್ ಸಿಗದೆ ನಿಂತ ಪ್ರೋಗ್ರಾಂ ಗಲಾಟೆ ಎಬ್ಬಿಸುತ್ತದೆ; ಸುಳ್ಳು ಲಾಕ್ ಸಿಕ್ಕ ಪ್ರೋಗ್ರಾಂ ಸದ್ದಿಲ್ಲದೆ ಲೆಕ್ಕ ಕೆಡಿಸುತ್ತದೆ. ಒಂದಕ್ಕಿಂತ ಹೆಚ್ಚು ಯಂತ್ರಗಳು ಬರೆಯುವ ಕಡತಕ್ಕೆ ನೋಲಾಕ್ ಹಾಕುವ ಬದಲು ಆ ಹೊತ್ತಿಗೆ ಚೀಟಿ ಪುಸ್ತಕ ತೆಗೆದು ಕೈಯಲ್ಲಿ ಬರೆಯುವುದೇ ವಾಸಿ. ಅಂದು ರಾತ್ರಿಯಿಂದ ಆ ಆಯ್ಕೆ ತೆಗೆದು, ಸಂದೇಶ ಬಂದಾಗ ಕೈಬರಹದ ಚೀಟಿಗೆ ಹೋಗಿ ಎಂದು ಕಾಟಾದವರಿಗೆ ಹೇಳಲಾಯಿತು. ಹುಡುಕಾಟಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಇದರಿಂದಲೇ.

ಆಗಾಗ ಬರುತ್ತಿದ್ದದ್ದು ಸದಾ ಬರತೊಡಗಿದಾಗ

ಎರಡನೇ ತಿರುವು ಬೇಕೆಂದು ಬಂದದ್ದಲ್ಲ. ‘ಹಳೆಯ ಆವೃತ್ತಿಯೇ ತಕರಾರು’ ಎಂಬ ಊಹೆಯ ಮೇಲೆ ಲೆಕ್ಕದ ಮೂರೂ ಪಿಸಿಗಳನ್ನು ಎನ್‌ಎಫ್‌ಎಸ್ 4.2ಕ್ಕೆ ಬದಲಿಸಿದರು. ಅಲ್ಲಿಯವರೆಗೆ ಬಂದು ಹೋಗುತ್ತಿದ್ದ ತೊಂದರೆ ಆಮೇಲೆ ಖಾಯಂ ಆಯಿತು. ಕಾಟಾಕ್ಕೆ ಒಂದು ಲಾಕ್ ಕೂಡ ಸಿಗಲಿಲ್ಲ. ಮಿಲ್ಲಿನವರಿಗೆ ಇದು ಹಿನ್ನಡೆ, ಹುಡುಕುವವರಿಗೆ ವರ. ಸದಾ ಕೆಡುವುದನ್ನು ಹಿಡಿಯುವುದು ಸುಲಭ.

ಕಾರಣ ಸರ್ವರಿನ ಲಾಕ್ ಸೇವೆ ಅನುಮತಿ ನೋಡುವ ರೀತಿಯಲ್ಲಿದೆ. ಎನ್‌ಎಲ್‌ಎಂ ಕೋರಿಕೆ ಬಂದಾಗ ಅದು ಫೈಲ್ ಹ್ಯಾಂಡಲ್ (ಸರ್ವರ್ ಕಡತಕ್ಕೆ ಕೊಟ್ಟ ಗುರುತು) ಹಿಡಿದು ಕಡತವನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಇಲ್ಲದಿದ್ದರೆ ಹೊಸದಾಗಿ ತೆರೆಯುತ್ತದೆ, ಅನುಮತಿ ಪರೀಕ್ಷೆ ನಡೆಯುವುದು ಆ ತೆರೆಯುವ ಹಂತದಲ್ಲಿ. ಬೇರೆ ಕ್ಲೈಂಟ್ ಆ ಕಡತದ ಯಾವುದಾದರೂ ಭಾಗಕ್ಕೆ ಎನ್‌ಎಲ್‌ಎಂ ಮೂಲಕ ಈಗಾಗಲೇ ಲಾಕ್ ಹಿಡಿದಿದ್ದರೆ ಕಡತ ಪಟ್ಟಿಯಲ್ಲಿ ತೆರೆದೇ ಇರುತ್ತದೆ. ಆ ಸರ್ವರಿನ 5.10 ಕರ್ನಲ್‌ನಲ್ಲಿ ಆಗ ಮತ್ತೆ ಪರೀಕ್ಷೆ ಇಲ್ಲ. ಬೈಟ್‌ಗಳು ಒಂದರ ಮೇಲೊಂದು ಬೀಳದಿದ್ದರೆ ಲಾಕ್ ನೇರ ಸಿಗುತ್ತದೆ. ಕೊನೆಯ ಲಾಕ್ ಬಿಟ್ಟ ಕೂಡಲೇ ಕಡತ ಪಟ್ಟಿಯಿಂದ ಹೋಗುತ್ತದೆ.

ಈಗ ಊಟದ ಹೊತ್ತಿನ ಒಗಟು ಬಿಡಿಸಿಕೊಳ್ಳುತ್ತದೆ. ಲೆಕ್ಕದ ಕೋಣೆಯಲ್ಲಿ ಯಾರೋ ಒಂದು ಚೀಟಿಯನ್ನು ತಿದ್ದಲು ತೆರೆದಿಟ್ಟಿದ್ದರೆ ಅವರ ಲಾಕ್‌ನಿಂದಾಗಿ ಕಡತ ತೆರೆದಿರುತ್ತಿತ್ತು, ಕಾಟಾದ ಕೋರಿಕೆ ಪರೀಕ್ಷೆಯಿಲ್ಲದೆ ಒಳಗೆ ನುಸುಳುತ್ತಿತ್ತು. ಅವರು ಊಟಕ್ಕೆ ಎದ್ದು ಚೀಟಿ ಮುಚ್ಚಿದರೆ ಬಾಗಿಲೂ ಮುಚ್ಚುತ್ತಿತ್ತು. ಅಂದರೆ ಇನ್ನೊಬ್ಬರು ಲಾಕ್ ಹಿಡಿದಿದ್ದಾಗ ಮಾತ್ರ ಕಾಟಾಕ್ಕೆ ಲಾಕ್ ಸಿಗುತ್ತಿತ್ತು. ಎಲ್ಲರೂ ಊಹಿಸಿದ್ದಕ್ಕೆ ಸಂಪೂರ್ಣ ಉಲ್ಟಾ. ಪಿಸಿಗಳು 4.2ಕ್ಕೆ ಹೋದ ಮೇಲೆ ಅವುಗಳ ಲಾಕ್ ಎನ್‌ಎಲ್‌ಎಂ ಪಟ್ಟಿಗೆ ಬರುವುದೇ ಇಲ್ಲ. ಎರಡೂ ಬಗೆಯ ಲಾಕ್ ಸರ್ವರಿನಲ್ಲಿ ಒಂದನ್ನೊಂದು ಗೌರವಿಸುತ್ತವೆ, ಆದರೆ ಕಾಟಾಕ್ಕೆ ಆಗುತ್ತಿದ್ದ ಆ ಪುಕ್ಕಟೆ ಉಪಕಾರ ನಿಂತುಹೋಯಿತು.

ತಂತಿಯ ಮೇಲೆ ಕಂಡದ್ದು

ಸರ್ವರಿನಲ್ಲಿ ಟಿಸಿಪಿಡಂಪ್ ಹಚ್ಚಿ, ಕಾಟಾದ ವಿಳಾಸ 192.168.10.21ರ ಪ್ಯಾಕೆಟ್‌ಗಳನ್ನೆಲ್ಲ ಪೂರ್ತಿ ಉದ್ದಕ್ಕೆ ಹಿಡಿದು ವೈರ್‌ಶಾರ್ಕ್‌ನಲ್ಲಿ ತೆರೆದರು. ನೋಡಬೇಕಾದದ್ದು ಎರಡೇ ಸಂಗತಿ.

ಒಂದು, ಕೋರಿಕೆ ಯಾರ ಹೆಸರಿನಲ್ಲಿ ಬಂದಿದೆ. ಕಾಟಾದಿಂದ ಬಂದ ಓದುವ ಮತ್ತು ಬರೆಯುವ ಕೋರಿಕೆಗಳ ರುಜುವಾತು ಭಾಗದಲ್ಲಿ ಯುಐಡಿ, ಅಂದರೆ ಬಳಕೆದಾರ ಸಂಖ್ಯೆ, 1004, ಗುಂಪು 1010. ಅದೇ ಟರ್ಮಿನಲ್‌ನ ಎನ್‌ಎಲ್‌ಎಂ ಆವೃತ್ತಿ 4ರ ಎರಡನೇ ಪ್ರೊಸೀಜರ್, ಅಂದರೆ ಲಾಕ್ ಕೋರಿಕೆಯಲ್ಲಿ, ಯುಐಡಿ 0, ಎಲ್ಲ ಅಧಿಕಾರ ಇರುವ ‘ರೂಟ್’ ಬಳಕೆದಾರ. ಬಳಕೆದಾರನ ಪರವಾಗಿ ಲಾಕ್ ಕೇಳುವ ಕೆಲಸವನ್ನು ಆ ಹಳೆಯ ವ್ಯವಸ್ಥೆಯಲ್ಲಿ ರೂಟ್ ಆಗಿ ಓಡುವ ಒಂದು ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಮಾಡುತ್ತದೆ, ಕೇಳುವಾಗ ತನ್ನದೇ ಹೆಸರು ಕೊಡುತ್ತದೆ. ಸರ್ವರಿನಲ್ಲಿ ರೂಟ್-ಸ್ಕ್ವಾಶ್ ಇದೆ, ಅದು ಡೀಫಾಲ್ಟ್. ಹೊರಗಿನ ರೂಟ್ ಇಲ್ಲಿ 65534, ಅಂದರೆ ನೋಬಡಿ ಆಗುತ್ತಾನೆ. ಲಾಕ್ ಕೇಳುವವನಿಗೆ ಕಡತ ಓದುವ ಅನುಮತಿ ಇರಬೇಕು, ಇಲ್ಲವೇ ಅವನೇ ಕಡತದ ಒಡೆಯನಾಗಿರಬೇಕು, ಇದು ಲಿನಕ್ಸ್ ಸರ್ವರಿನ ನಿಯಮ. ನೋಬಡಿ ಒಡೆಯನೂ ಅಲ್ಲ, ಗುಂಪಿನವನೂ ಅಲ್ಲ, ‘ಇತರರು’. 0664 ಇದ್ದಾಗ ಇತರರಿಗೆ ಓದಲು ಬರುತ್ತಿತ್ತು, ಲಾಕ್ ಸಿಗುತ್ತಿತ್ತು. 0660 ಆದ ರಜಾ ದಿನದಿಂದ ಇಲ್ಲ.

ಎರಡು, ಉತ್ತರದ ಸಂಖ್ಯೆ. ಬೇರೆಯವರು ಹಿಡಿದಿದ್ದರೆ ಎನ್‌ಎಲ್‌ಎಂ ಉತ್ತರ 1. ಇಲ್ಲಿ ಬರುತ್ತಿದ್ದದ್ದು 9, ಅಂದರೆ ‘ವಿಫಲ’ ಎಂಬ ಒಟ್ಟಾರೆ ಉತ್ತರ. ಎನ್‌ಎಲ್‌ಎಂ ಉತ್ತರಗಳ ಪಟ್ಟಿ 0ಯಿಂದ 9ರವರೆಗೆ: ಕೊಟ್ಟಿದೆ, ಕೊಡಲ್ಲ, ಜಾಗವಿಲ್ಲ, ಕಾಯಿರಿ, ಗ್ರೇಸ್ ಅವಧಿ, ಡೆಡ್‌ಲಾಕ್, ಓದಲು ಮಾತ್ರ ಇರುವ ಕಡತವ್ಯವಸ್ಥೆ, ಹಳಸಿದ ಹ್ಯಾಂಡಲ್, ವ್ಯಾಪ್ತಿ ಮೀರಿದೆ, ವಿಫಲ. ‘ನಿಮಗೆ ಅನುಮತಿ ಇಲ್ಲ’ ಎಂಬ ಉತ್ತರ ಆ ಪಟ್ಟಿಯಲ್ಲೇ ಇಲ್ಲ. ಸರ್ವರ್ ಹೇಳಬೇಕೆಂದರೂ ಹೇಳಲು ಸಂಖ್ಯೆ ಇಲ್ಲ. ಲಿನಕ್ಸ್ ಕ್ಲೈಂಟ್ ಆಗಿದ್ದರೆ ಈ 9ನ್ನು ‘ಲಾಕ್‌ಗಳು ಲಭ್ಯವಿಲ್ಲ’ ಎಂಬ ದೋಷ ಸಂಖ್ಯೆ 37 ಆಗಿ ಪ್ರೋಗ್ರಾಮಿಗೆ ದಾಟಿಸುತ್ತದೆ, ಅದನ್ನು ಓದಿದವರು ಸರ್ವರಿನಲ್ಲಿ ಲಾಕ್ ಖಾಲಿಯಾಗಿದೆ ಎಂದುಕೊಳ್ಳುತ್ತಾರೆ. ಕಾಟಾ ಪ್ರೋಗ್ರಾಂ ಇನ್ನೂ ಒಂದು ಹೆಜ್ಜೆ ಮುಂದೆ: ಲಾಕ್ ಸಿಗದಿರಲು ಕಾರಣ ಏನೇ ಇರಲಿ, ‘ದಾಖಲೆ ಬಳಕೆಯಲ್ಲಿದೆ’ ಎಂದೇ ತೋರಿಸುತ್ತದೆ. ಅನುಮತಿಯ ತೊಂದರೆ ಎರಡು ಕೈ ದಾಟುವಷ್ಟರಲ್ಲಿ ಜಗಳದ ತೊಂದರೆಯಾಗಿ ವೇಷ ಬದಲಿಸಿತ್ತು.

ಖಚಿತಪಡಿಸಲು ಚೀಟಿ ಕಡತದ ಎರಡು ನಕಲು ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟರು, ಒಂದು 0660, ಇನ್ನೊಂದು 0664. ಟರ್ಮಿನಲ್‌ನ ಪ್ರೋಗ್ರಾಂ ಅನ್ನು ಒಂದೊಂದರ ಮೇಲೆ ತಿರುಗಿಸಿದರು. ಮೊದಲನೆಯದರಲ್ಲಿ ಲಾಕ್ ಇಲ್ಲ, ಎರಡನೆಯದರಲ್ಲಿ ಮೊದಲ ಸಲಕ್ಕೇ ಸಿಕ್ಕಿತು. ಎಲ್ಲರೂ ಓದಬಲ್ಲ ಕಡತಗಳಿಗೆ ಮಾತ್ರ ಲಾಕ್ ಸಿಗುತ್ತಿದ್ದರೆ ಕ್ಲೈಂಟ್ ಸರಿಯಾದ ರುಜುವಾತು ಕಳಿಸುತ್ತಿಲ್ಲ ಎಂದು ಯಾರಿಗೆ ಯಾವ ಹಂಚಿಕೆ ಎಂದು ಬರೆಯುವ ಎಕ್ಸ್‌ಪೋರ್ಟ್ಸ್ ಕಡತದ ಕೈಪಿಡಿಯೇ ಹೇಳುತ್ತದೆ. ಪ್ಯಾಕೆಟ್ ಹಿಡಿಯುವ ಮುಂಚೆಯೇ ಈ ಪರೀಕ್ಷೆ ಮಾಡಬಹುದಿತ್ತು; ಐದು ನಿಮಿಷದ ಕೆಲಸ.

ಅದೇ ಪರೀಕ್ಷೆಯನ್ನು ಲಿನಕ್ಸ್ ಪಿಸಿಯಿಂದ ಮಾಡಿದ್ದರೆ ಎರಡೂ ಕಡತಕ್ಕೆ ಲಾಕ್ ಸಿಗುತ್ತಿತ್ತು, ಏಕೆಂದರೆ ಲಿನಕ್ಸ್ ಕ್ಲೈಂಟ್ ಕಡತ ತೆರೆದವನ ರುಜುವಾತನ್ನೇ ಲಾಕ್ ಕೋರಿಕೆಗೂ ಬಳಸುತ್ತದೆ. ‘ಪಿಸಿಯಲ್ಲಿ ಸರಿ ಇದೆ, ಆದ್ದರಿಂದ ಸರ್ವರ್ ಸರಿ ಇದೆ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ಕೆಟ್ಟ ಯಂತ್ರದಿಂದಲೇ ಪರೀಕ್ಷಿಸಬೇಕು.

ಯಾವ ದಾರಿ

ಕಾರಣ ಗೊತ್ತಾದ ಮೇಲೆ ಪರಿಹಾರ ಐದಾರು ಇದ್ದವು. ಯಾವುದು ಕೆಲಸ ಮಾಡುತ್ತದೆ ಎಂಬುದು ಪ್ರಶ್ನೆಯಾಗಿರಲಿಲ್ಲ, ಎಲ್ಲವೂ ಮಾಡುತ್ತವೆ.

ಇತರರಿಗೆ ಓದುವ ಅನುಮತಿ ಮರಳಿ ಕೊಡುವುದು ಮೊದಲ ಸಲಹೆ. ಇದರಲ್ಲೊಂದು ಜಾಣ ರೂಪವೂ ಇತ್ತು: ಚೀಟಿ ಕಡತ ಮಾತ್ರ 0664, ಫೋಲ್ಡರ್ 2770 ಇದ್ದಂತೆಯೇ ಇರಲಿ. ಲಾಕ್ ಕೋರಿಕೆ ಹ್ಯಾಂಡಲ್ ಹಿಡಿದು ನೇರ ಕಡತಕ್ಕೆ ಬರುತ್ತದೆ, ಸಬ್‌ಟ್ರೀ ಪರೀಕ್ಷೆ (ಮೇಲಿನ ಫೋಲ್ಡರುಗಳನ್ನೂ ನೋಡುವ ಸೆಟ್ಟಿಂಗ್) ಆಫ್ ಇದ್ದರೆ ಮೇಲಿನ ಫೋಲ್ಡರಿನ ಅನುಮತಿ ಲೆಕ್ಕಕ್ಕೆ ಬರುವುದಿಲ್ಲ; ಹೆಸರು ಹಿಡಿದು ಬರುವ ಹೊರಗಿನವನು ಮಾತ್ರ ಫೋಲ್ಡರಿನಲ್ಲೇ ತಡೆಯಲ್ಪಡುತ್ತಾನೆ. ಕೆಲಸ ಮಾಡುತ್ತದೆ, ಆದರೂ ಕೈಬಿಟ್ಟರು. ಈ 0664 ಏಕೆ ಎಂದು ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಶುಚಿ ಕಾರ್ಯದಲ್ಲಿ ಮತ್ತೆ 0660 ಆಗುತ್ತದೆ, ಇಲ್ಲವೇ ಬ್ಯಾಕಪ್ ನಕಲು ಬೇರೆ ಕಡೆ 0664 ಆಗಿಯೇ ತೆರೆದು ಕೂರುತ್ತದೆ.

ರೂಟ್-ಸ್ಕ್ವಾಶ್ ತೆಗೆಯಿರಿ ಎಂಬುದು ತೂಕದ ಯಂತ್ರದ ಸರ್ವಿಸ್‌ನವರು ಫೋನಿನಲ್ಲಿ ಕೊಟ್ಟ ಸಲಹೆ. ಗೇಟಿನಲ್ಲಿರುವ, ಅಪ್‌ಡೇಟ್ ಕಾಣದ ಪೆಟ್ಟಿಗೆಯ ರೂಟ್‌ಗೆ ಇಡೀ ಹಂಚಿಕೆಯ ಮೇಲೆ ರೂಟ್ ಅಧಿಕಾರ. ಚರ್ಚೆಗೂ ಯೋಗ್ಯವಲ್ಲ.

ನೋ-ಆತ್-ಎನ್‌ಎಲ್‌ಎಂ ಎಂಬ ಎಕ್ಸ್‌ಪೋರ್ಟ್ ಆಯ್ಕೆ ಇಂಥ ಹಳೆಯ ಕ್ಲೈಂಟ್‌ಗಳಿಗೆಂದೇ ಇದೆ. ಇನ್‌ಸೆಕ್ಯೂರ್-ಲಾಕ್ಸ್ ಎಂದು ಬರೆದರೂ ಅದೇ. ಹಾಕಿದರೆ ಲಾಕ್ ಕೋರಿಕೆಗೆ ಅನುಮತಿ ಪರೀಕ್ಷೆಯೇ ಇಲ್ಲ. ಓದುವುದು, ಬರೆಯುವುದು ಎಂದಿನಂತೆ ಪರೀಕ್ಷೆಗೆ ಒಳಪಡುತ್ತವೆ, ಹಾಗಾಗಿ ದತ್ತಾಂಶ ಸೋರುವುದಿಲ್ಲ. ಆದರೆ ಆ ವಿಳಾಸದಿಂದ ಯಾರು ಬೇಕಾದರೂ ಹಂಚಿಕೆಯ ಯಾವ ಕಡತಕ್ಕಾದರೂ ಲಾಕ್ ಹಾಕಿ ಕೂರಬಹುದು, ಸಂಬಳದ ಕಡತಕ್ಕೂ. ಇದನ್ನು ಆ ರಾತ್ರಿಯ ಮಟ್ಟಿಗೆ, ಕಾಟಾದ ಒಂದೇ ವಿಳಾಸಕ್ಕೆ ಹಾಕಿದರು. ಬೆಳಿಗ್ಗೆ ಕಾಟಾ ನಡೆಯಿತು.

ಉಳಿಸಿಕೊಂಡದ್ದು ಬೇರೆ. ರೂಟ್-ಸ್ಕ್ವಾಶ್ ಇದ್ದೇ ಇರಲಿ, ಆದರೆ ಈ ಒಂದು ಯಂತ್ರದ ರೂಟ್ ನೋಬಡಿ ಆಗುವ ಬದಲು ಕಾಟಾ ಬಳಕೆದಾರನಾಗಲಿ: ಆನನ್‌ಯುಐಡಿ 1004, ಆನನ್‌ಜಿಐಡಿ 1010. ಆಗ ಯುಐಡಿ 0 ಎಂದು ಬಂದ ಲಾಕ್ ಕೋರಿಕೆ ಸರ್ವರಿನಲ್ಲಿ 1004 ಆಗುತ್ತದೆ, ಗುಂಪು ಓದಬಲ್ಲ ಕಡತಕ್ಕೆ ಲಾಕ್ ಸಿಗುತ್ತದೆ, 1003ಕ್ಕೆ ಮಾತ್ರ ಸೇರಿದ 0600 ಕಡತಕ್ಕೆ ಸಿಗುವುದಿಲ್ಲ. ಪರೀಕ್ಷೆ ಜೀವಂತ, ಉತ್ತರ ಸರಿ. ಯಂತ್ರವೊಂದಕ್ಕೆ ಬಳಕೆದಾರ ಒಬ್ಬನೇ ಇರುವಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಲವು ಬಳಕೆದಾರರಿರುವ ಯಂತ್ರಕ್ಕೆ ಇದು ಒಗ್ಗುವುದಿಲ್ಲ, ಅಲ್ಲಿ ಹಿಂದಿನ ಆಯ್ಕೆಯನ್ನೇ ಸಹಿಸಿಕೊಳ್ಳಬೇಕಾದೀತು.

ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಕಾಟಾದ ವಿಳಾಸಕ್ಕೆ ಒಂದು ನಮೂದು, 192.168.10.0/24 ಜಾಲಕ್ಕೆ ಇನ್ನೊಂದು. ಒಂಟಿ ವಿಳಾಸದ ನಮೂದಿಗೆ ಜಾಲದ ನಮೂದಿಗಿಂತ ಆದ್ಯತೆ, ಬರೆದ ಅನುಕ್ರಮ ಲೆಕ್ಕಕ್ಕಿಲ್ಲ. ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಒಂದು ಖಾಲಿ ಜಾಗವೂ ಬೀಳಬಾರದು: ಬಿದ್ದರೆ ಆ ವಿಳಾಸಕ್ಕೆ ಡೀಫಾಲ್ಟ್ ಆಯ್ಕೆ, ಆವರಣದೊಳಗಿನ ಆಯ್ಕೆಗಳು ಜಗತ್ತಿಗೆಲ್ಲ. ಎಕ್ಸ್‌ಪೋರ್ಟ್‌ಎಫ್‌ಎಸ್ ಆಜ್ಞೆಯಿಂದ ಮತ್ತೆ ಓದಿಸಿ, ಅದೇ ಆಜ್ಞೆಯ ವಿವರ ಪಟ್ಟಿಯಲ್ಲಿ ಕಾಟಾದ ಸಾಲಿನಲ್ಲಿ 1004 ಕಾಣುವುದನ್ನು ನೋಡಿಕೊಂಡರು. ಸೇವೆಯ ರೀಸ್ಟಾರ್ಟ್ ಬೇಕಿಲ್ಲ, ಗ್ರೇಸ್ ಅವಧಿಯ ಗೊಡವೆಯೂ ಇಲ್ಲ.

ಆಮೇಲೆ

ಕಾಟಾ ಸರಿಯಾಯಿತು, ಆದರೆ ಆ ರಾತ್ರಿ ಬ್ಯಾಕಪ್ ಕೆಟ್ಟಿತು. ಟರ್ಮಿನಲ್‌ನಲ್ಲಿ ರೂಟ್ ಆಗಿ ಓಡುವ ಒಂದು ರಾತ್ರಿ ಕೆಲಸ ತನ್ನ ಸೆಟ್ಟಿಂಗ್‌ಗಳನ್ನು ಸರ್ವರಿನ ಬೇರೊಂದು ಫೋಲ್ಡರಿಗೆ ಬರೆಯುತ್ತಿತ್ತು. ಅಲ್ಲಿನ ಹಳೆಯ ಕಡತಗಳೆಲ್ಲ ನೋಬಡಿ ಹೆಸರಿನಲ್ಲಿದ್ದವು. ಈಗ ಬರುವವನು 1004, ಅವನಿಗೆ ಅವುಗಳ ಮೇಲೆ ಬರೆಯಲು ಬರುವುದಿಲ್ಲ. ಒಡೆತನ ಬದಲಿಸಿದ ಮೇಲೆ ಸರಿಹೋಯಿತು. ಆನನ್‌ಯುಐಡಿ ಬದಲಿಸುವ ಮುಂಚೆ 65534 ಹೆಸರಿನ ಕಡತಗಳನ್ನು ಫೈಂಡ್ ಆಜ್ಞೆಯಿಂದ ಒಮ್ಮೆ ಪಟ್ಟಿ ಮಾಡಿಕೊಂಡರೆ ಈ ಪೆಟ್ಟು ತಪ್ಪುತ್ತದೆ.

ನೋಲಾಕ್ ಇದ್ದ ಆ ಸಂಜೆಯ ಚೀಟಿಗಳನ್ನೆಲ್ಲ ಕಾಗದದ ಪ್ರತಿಯೊಂದಿಗೆ ಒಂದೊಂದಾಗಿ ತಾಳೆ ನೋಡಬೇಕಾಯಿತು. ಹುಡುಕಾಟಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಹಂಗಾಮು ಮುಗಿದ ಮೇಲೆ ಟರ್ಮಿನಲ್ ಪೆಟ್ಟಿಗೆ ತೆಗೆದು, ತೂಕದ ಇಂಡಿಕೇಟರಿನ ಸೀರಿಯಲ್ ತಂತಿಯನ್ನು ಒಂದು ಲಿನಕ್ಸ್ ಪಿಸಿಗೆ ಕೊಟ್ಟು 4.2ರಲ್ಲಿ ಮೌಂಟ್ ಮಾಡಿದರು. ಎಕ್ಸ್‌ಪೋರ್ಟ್ಸ್‌ನ ವಿಶೇಷ ನಮೂದು ಅಂದೇ ಹೋಯಿತು. ಅದರ ಮೇಲೆ ಟಿಪ್ಪಣಿ ಸಾಲಿನಲ್ಲಿ ಕಾರಣ ಮತ್ತು ಯಾವಾಗ ತೆಗೆಯಬೇಕು ಎಂದು ಬರೆದಿಟ್ಟಿದ್ದರಿಂದ ಯಾರೂ ಹಿಂಜರಿಯಲಿಲ್ಲ. ಆವೃತ್ತಿ 4ರಲ್ಲಿ ಲಾಕ್ ಪ್ರೋಟೋಕಾಲಿನ ಒಳಗೇ ಇದೆ, ಪೋರ್ಟ್ 2049 ಒಂದೇ ಸಾಕು. ಅನುಮತಿ ಕಡತ ತೆರೆಯುವಾಗಲೇ ತೀರ್ಮಾನವಾಗುತ್ತದೆ, ಲಾಕ್ ಆ ತೆರೆದ ಸ್ಥಿತಿಗೆ ಅಂಟಿಕೊಂಡು ಬರುತ್ತದೆ. ಓದಲು ಮಾತ್ರ ತೆರೆದ ಕಡತಕ್ಕೆ ಬರೆಯುವ ಲಾಕ್ ಕೇಳಿದರೆ ಅದಕ್ಕೆಂದೇ ಬೇರೆ ದೋಷ ಸಂಖ್ಯೆ ಇದೆ. ಡೀಮನ್ ತನ್ನ ಹೆಸರಿನಲ್ಲಿ ಪರರ ಲಾಕ್ ಕೇಳುವ ಪ್ರಸಂಗವೇ ಇಲ್ಲ.

ಹೊಸ ಏರ್ಪಾಡಿನಲ್ಲಿ ಸೆಟ್ಟಿಂಗ್ ಒಂದನ್ನು ಮಾತ್ರ ಬದಲಿಸಬೇಕಾಯಿತು. ಕಾಟಾ ಪಿಸಿ ಲಾಕ್ ಹಿಡಿದಿರುವಾಗಲೇ ಕರೆಂಟ್ ಹೋದರೆ ಆವೃತ್ತಿ 3ರಲ್ಲಿ ಆ ಯಂತ್ರ ಮತ್ತೆ ಎದ್ದು ತಾನು ಎದ್ದೆನೆಂದು ಸರ್ವರಿಗೆ ತಿಳಿಸುವವರೆಗೂ ಲಾಕ್ ಉಳಿಯುತ್ತದೆ. ಆವೃತ್ತಿ 4ರಲ್ಲಿ ಲೀಸ್ (ಕ್ಲೈಂಟ್ ಆಗಾಗ ನವೀಕರಿಸಬೇಕಾದ ಅವಧಿ) ಮುಗಿದ ಮೇಲೆ ಸರ್ವರೇ ಬಿಡಿಸುತ್ತದೆ, ಲಿನಕ್ಸ್‌ನಲ್ಲಿ ಡೀಫಾಲ್ಟ್ 90 ಸೆಕೆಂಡ್. ಲೆಕ್ಕದ ಪ್ರೋಗ್ರಾಂ 30 ಸೆಕೆಂಡಿಗೆ ಕೈಚೆಲ್ಲಿ ‘ಬಳಕೆಯಲ್ಲಿದೆ’ ಎನ್ನುತ್ತಿತ್ತು. ಅದನ್ನು 120ಕ್ಕೆ ಏರಿಸಿದರು.